ಬಾಗಿಲಿನ ಕೂಲಿ

ನಾನು ಬಿಡದಿಯ ಕಾರ್ಖಾನೆಗೆ ಸೇರಿದ ವರ್ಷ, ನಮ್ಮ ಆಫೀಸಿಗೆ ಜಿಪ್ಸಮ್ ಹಲಗೆಯ ಗೋಡೆ ಹಾಕಲು ಹೊಂಗನೂರಿನ ಮೇಸ್ತ್ರಿಯೊಬ್ಬರು ಬಂದಿದ್ದರು. ತುಟಿಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಏನು ಕೇಳಿದರೂ "ಒಸಿ ತಡೀರಿ" ಎನ್ನುತ್ತಿದ್ದರು.

ಕೂಲಿ ಚದರಡಿ ಲೆಕ್ಕ. ಮೊದಲ ಕೋಣೆ ಅಳೆದಾಗ, ಅವರನ್ನು ಕರೆತಂದಿದ್ದ ಗುತ್ತಿಗೆದಾರ ಬಾಗಿಲಿನ ಜಾಗವನ್ನು ಲೆಕ್ಕದಿಂದ ಕಳೆದುಬಿಟ್ಟರು. ಮೇಸ್ತ್ರಿಗೆ ತಮ್ಮ ಆಳುಗಳ ಬಟವಾಡೆಗೆ ದುಡ್ಡು ಸಾಲಲಿಲ್ಲ.

"ಗೋಡೆಗಿಂತ ಬಾಗಿಲು ಬುಡೋದ್ರಲ್ಲೇ ಕೆಲ್ಸ ಜಾಸ್ತಿ ಐತೆ ಸಾರ್," ಎಂದರು ಮೇಸ್ತ್ರಿ.

"ಖಾಲಿ ಜಾಗಕ್ಕೆ ಯಾರಯ್ಯ ಕಾಸು ಕೊಡ್ತಾರೆ?"

ಮೇಸ್ತ್ರಿ ಸ್ಕ್ರೂ ಕಚ್ಚಿಕೊಂಡು ಕೆಲಸಕ್ಕೆ ಹೋದರು. ನಮ್ಮ ಮ್ಯಾನೇಜರ್ ಕೆಲಸ ನೋಡಲು ಬರುವ ದಿನ ಎರಡನೇ ಕೋಣೆ ಮುಗಿದಿತ್ತು. ಸುತ್ತಲೂ ಗೋಡೆ, ಬಾಗಿಲೇ ಇಲ್ಲ.

"ಏನಯ್ಯ ಇದು?" ಎಂದರು ಗುತ್ತಿಗೆದಾರ.

"ಖಾಲಿ ಜಾಗ ಎಲ್ಲೂ ಬುಟ್ಟಿಲ್ಲ ಸಾರ್. ಅಳ್ತೆ ತಕೊಳ್ಳಿ."

ಮ್ಯಾನೇಜರ್ ಬರುವ ಹೊತ್ತಾಗಿತ್ತು. ಗುತ್ತಿಗೆದಾರ ಎರಡೂ ಕೋಣೆಗಳನ್ನು ಬಾಗಿಲು ಸೇರಿಸಿ ಅಳೆದು ದುಡ್ಡು ಕೊಟ್ಟರು. ಮೇಸ್ತ್ರಿ ಗರಗಸ ತಂದು ಒಂದು ಹಲಗೆ ಕೊಯ್ದು ತೆಗೆದರು. ಒಳಗೆ ಬಾಗಿಲಿನ ಚೌಕಟ್ಟು ಆಗಲೇ ನೆಟ್ಟಗೆ ನಿಂತಿತ್ತು.