ರುದ್ರವ್ವನ ಹಿಂದೆ ನಡೆದವನು

ಮುಂಬಯಿ ಹತ್ತಿರದ ಠಾಕುರ್ಲಿಯ ಚಾಳಿಗೂ ಸ್ಟೇಷನ್ನಿಗೂ ನಡುವೆ ಒಂದು ಬಯಲಿತ್ತು. ಚಾಳಿನ ಮಂದಿಯೆಲ್ಲ ಅದನ್ನು ಹಾಯ್ದೇ ಲೋಕಲ್ ರೈಲು ಹಿಡಿಯುತ್ತಿದ್ದರು. ಯುದ್ಧದಿಂದ ಮರಳಿ ಬಂದ ಶಿವಪುತ್ರಪ್ಪನೊಬ್ಬನಿಗೆ ಅದು ಕಾಲಿಡಲಾಗದ ನೆಲ. ದಿನಾ ಬೆಳಿಗ್ಗೆ ಹೆಂಡತಿ ರುದ್ರವ್ವ ಮುಂದೆ ನಡೆಯಬೇಕು. ಅವಳ ಹೆಜ್ಜೆ ಮೂಡಿದಲ್ಲೇ ಹೆಜ್ಜೆಯಿಡುತ್ತ ಅವನು ಹಿಂದೆ. ಪ್ಲಾಟ್‌ಫಾರ್ಮಿನ ಕಲ್ಲು ಕಾಲಿಗೆ ಸಿಕ್ಕ ಮೇಲೆ ಅವನು ಠಾಣೆ ಊರಿನ ವಾಗ್ಳೆ ಎಸ್ಟೇಟಿನಲ್ಲಿ ಒಂದು ಕಾರ್ಖಾನೆಯ ಗೇಟು ಕಾಯಲು ಹೋಗುವನು, ಅವಳು ಒಬ್ಬಳೇ ಮರಳುವಳು.

“ಎಂತ ಮಾರಾಯ್ರೆ, ಸುಬೇದಾರ್ರಿಗೆ ದಿನಾ ಪೈಲಟ್ ಗಾಡಿ ಬೇಕಾ?” ಎಂದು ಚಾಳಿನ ಎದುರಿನ ಹೋಟೆಲಿನ ವಾಸು ನಗುತ್ತಿದ್ದ.

ಶಿವಪುತ್ರಪ್ಪ ಸುಬೇದಾರನಲ್ಲ, ಬರೀ ಸಿಪಾಯಿ. ಎಪ್ಪತ್ತೊಂದರ ಯುದ್ಧ ನಿಂತ ಮೇಲೂ ಗಡಿಯ ಹೊಲಗಳಲ್ಲಿ ಹೂತಿದ್ದ, ತುಳಿದರೆ ಸಿಡಿಯುವ ಮೈನುಗಳನ್ನು ತೆಗೆಯಲು ಅವನ ತುಕಡಿ ಅಲ್ಲೇ ಉಳಿದಿತ್ತು. ಮುಂದಿನವನ ಬೂಟು ಮೂಡಿದ ಗುರುತಿನಲ್ಲೇ ಹಿಂದಿನವನು ಬೂಟಿಡಬೇಕು. ಮುಂದಿದ್ದ ಗೆಳೆಯ ಬಾಳಪ್ಪ ಬೀಡಿ ಕೇಳಲು ತಿರುಗಿದ, ಕಾಲು ಒಂದಿಷ್ಟು ಪಕ್ಕಕ್ಕೆ ಸರಿಯಿತು. ಮಾತು ಮುಗಿಯಲಿಲ್ಲ, ನೆಲ ಸಿಡಿಯಿತು. ಹಿಂದಿದ್ದ ಇವನಿಗೆ ಒಂದು ಗೀರೂ ಬೀಳಲಿಲ್ಲ.

ಹಿಂದಿದ್ದವನು ಉಳಿಯುತ್ತಾನೆಂದು ಬಲ್ಲವನೇ ಹೆಂಡತಿಯನ್ನು ಮುಂದೆ ಬಿಡುತ್ತಿದ್ದ. ಬೇರೆ ಬಗೆಯಲ್ಲಿ ಕಾಲೇ ಏಳುತ್ತಿರಲಿಲ್ಲ.

ರುದ್ರವ್ವನಿಗೆ ಏಳು ತಿಂಗಳಾದಾಗ, ಗೇಟು ಕಾಯುವ ಕೆಲಸ ಕೊಡಿಸಿದ್ದ ಅವಳ ಗಂಡನ ಅಣ್ಣ ಶಂಕರೆಪ್ಪ ಮನೆಗೆ ಬಂದ.

“ತಮ್ಮಾ, ಮತ್ತ ಲೇಟ್ ಆದ್ರ ಬ್ಯಾರೆಯವನ್ನ ಇಡ್ತೀನಿ ಅಂತ ಸಾಹೇಬ ನನ್ನ ಮಾರಿ ಮ್ಯಾಲೆ ಅಂದಾನ. ಅದೂ ಹೋತಂದ್ರ ಏನ್ ತಿಂತೀರಿ? ಬಸರಿ ಹೆಂಗಸನ್ನ ಈ ಕೆಸರಾಗ ಇನ್ನೆಷ್ಟ ನಡಸ್ತಿ?”

ಮರುದಿನ ಮಳೆ ಬಿಟ್ಟಿತ್ತು. ಶಿವಪುತ್ರಪ್ಪ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತ.

“ಇವತ್ತ ನಾ ಒಬ್ಬನ ಹೊಕ್ಕೀನಿ. ನೀ ಇರು.”

“ಬೆನ್ನಿಗೆ ನಾ ಇರ್ತೀನ್ರಿ. ನಡೀರಿ.”

ನಡೆದ. ಅಂಗಿ ಬೆವರಿಗೆ ಅಂಟಿತು, ಆದರೂ ನಡೆದ. ನಡು ಬಯಲು ದಾಟಿದಾಗ ಸ್ಟೇಷನ್ನಿನ ಛಾವಣಿ ಕಂಡಿತು. ಅವಳಿಗೆ ತೋರಿಸೋಣವೆಂದು ತಿರುಗಿದ.

ಅವನದು ಸಿಪಾಯಿಯ ಉದ್ದ ಹೆಜ್ಜೆ. ತುಂಬಿದ ಹೊಟ್ಟೆಯ ಅವಳಿಗೆ ಅಷ್ಟು ದೂರ ಕಾಲು ಚಾಚಲಾಗದು. ಅವನ ಎರಡು ಗುರುತುಗಳ ನಡುವೆ, ಯಾರೂ ತುಳಿಯದ ಮಣ್ಣಿನಲ್ಲಿ ಅವಳ ಪಾದವಿತ್ತು.

“ನಿಲ್ಲು! ಕಾಲ ಎತ್ತಬ್ಯಾಡ!”

ನಿಂತಳು. ಅವನು ಕೆಸರಿನಲ್ಲಿ ಬೋರಲು ಬಿದ್ದ. ಕೈಗೆ ಸಿಕ್ಕ ಕಡ್ಡಿಯಿಂದ, ಮೈನು ಹುಡುಕುವವನಂತೆ, ಮಣ್ಣನ್ನು ಓರೆಯಾಗಿ ಚುಚ್ಚಿ ನೋಡುತ್ತ, ಬೆರಳಗಲ ಬೆರಳಗಲ ಅವಳ ಕಡೆ ತೆವಳತೊಡಗಿದ. ಸ್ಟೇಷನ್ನಿಗೆ ಹೊರಟವರು ಅವರನ್ನು ಸುತ್ತಿ ಹೋದರು. “ಕಾಯ್ ಝಾಲಂ, ಬಾಯಿ?” ಎಂದು ಯಾರೋ ಮರಾಠಿಯಲ್ಲಿ ಏನಾಯಿತೆಂದು ಕೇಳಿದರು. ಅವನು ಹಿಡಿಯಬೇಕಿದ್ದ ಠಾಣೆಯ ಲೋಕಲ್ ಬಂತು, ನಿಂತಿತು, ಹೋಯಿತು. ರುದ್ರವ್ವ ಅದನ್ನು ನೋಡಿದಳು. ಅವನು ತಲೆಯೆತ್ತಲಿಲ್ಲ.

ಇಲ್ಲಿ ಏನೂ ಇಲ್ಲರಿ ಎಂದು ಇಷ್ಟು ದಿನ ಹೇಳಿ ದಣಿದಿದ್ದಳು. ಈಗ ಹೇಳಲಿಲ್ಲ. ಸೊಂಟ ಸೆಳೆಯುತ್ತಿತ್ತು. ಅವನ ಬೆರಳುಗಳು ಅವಳ ಹಿಮ್ಮಡಿಗೆ ತಾಗಿದವು.

“ಅಲ್ಲಾಡಬ್ಯಾಡೋ ಬಾಳ್ಯಾ,” ಎಂದು ಅವನು ಅಳುತ್ತಿದ್ದ. “ಇನ್ನೊಂಚೂರು ನಿಲ್ಲೋ.”

“ಇಲ್ಲೋ,” ಎಂದಳು ರುದ್ರವ್ವ, ಗಂಡನನ್ನು ಎಂದೂ ಹಾಗೆ ಕರೆಯದವಳು. “ಅಲ್ಲಾಡೂದಿಲ್ಲ.”