ತಮ್ಮ ಬದಲಾಯಿಸಿದ ಹೆಡ್ಡು

ನಾನೂ ತಮ್ಮನೂ ಸೇರಿ ಕೊಂಡ ಹಳೆಯ ಕಾಂಟೆಸಾ ಕಾರು ಪರಶುರಾಂಪುರದ ಒಂದು ಶೆಡ್ಡಿನಲ್ಲಿ ಶೇಂಗಾ ಚೀಲಗಳ ಹಿಂದೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಆದರೂ ಆ ಉದ್ದನೆಯ ಬಾನೆಟ್ಟಿಗೆ ಇಬ್ಬರೂ ಮನಸೋತಿದ್ದೆವು. ಅವನಿಗೆ ಬೇಕಿದ್ದದ್ದು ವೇಗ. ನಾನು ಈರುಳ್ಳಿ ಸಾಗಿಸುವ ಗೂಡ್ಸ್ ಗಾಡಿ ಓಡಿಸುವವಳು. ನಮ್ಮ ಕಡೆಯ ಬಿಸಿಲಿಗೆ ಎಂಜಿನ್ನು ಹೇಗೆ ಕುದಿಯುತ್ತದೆಂದು ಬಲ್ಲೆ.

ಎಂಜಿನ್ ಬಿಚ್ಚಿದರೆ ಅದರ ಮೇಲ್ಮುಚ್ಚಳ, ಅಂದರೆ ಸಿಲಿಂಡರ್ ಹೆಡ್ಡು, ಬಿರುಕು ಬಿಟ್ಟಿತ್ತು. ಚಳ್ಳಕೆರೆಯ ನಮ್ಮ ಮೇಸ್ತ್ರಿ ಗುಜರಿಯಿಂದ ಎರಡು ಹೆಡ್ಡು ತರಿಸಿ ಮುಂದಿಟ್ಟರು. ಒಂದಕ್ಕೆ ದೊಡ್ಡ ವಾಲ್ವುಗಳು. ಎಂಜಿನ್ನಿಗೆ ಗಾಳಿ ಹೆಚ್ಚು ಸಿಕ್ಕುತ್ತದೆ, ಓಟವೂ ಜೋರು. ಆದರೆ ಹಿಂದೆ ಯಾರೋ ಅದನ್ನು ಮತ್ತೆ ಮತ್ತೆ ಉಜ್ಜಿಸಿ ತೆಳ್ಳಗೆ ಮಾಡಿಟ್ಟಿದ್ದರು. ಇನ್ನೊಂದರ ವಾಲ್ವುಗಳು ಚಿಕ್ಕವು, ಮೈ ಗಟ್ಟಿ.

"ದೊಡ್ಡ ವಾಲ್ವಿಂದೇ ಹಾಕ್ಸೋಣ ಅಕ್ಕ. ಹೈವೇಲಿ ಹಾರ್ತೈತೆ!"

"ಹಾರೋದು ಆಮೇಲಿರ್ಲಿ. ಅದು ತೆಳ್ಳಗೈತೆ, ಕಾದ್ರೆ ಗ್ಯಾಸ್ಕೆಟ್ ಹೋಗ್ತೈತೆ ಕಣೋ. ಗಟ್ಟೀದೇ ಸಾಕು."

ಮೇಸ್ತ್ರಿಯೂ ಹೌದೆಂದರು. ಕೈ ಒರೆಸಿಕೊಳ್ಳುತ್ತಾ ತಮ್ಮನೂ, "ಆಯ್ತು ಬಿಡಕ್ಕ, ನೀನ್ ಹೇಳ್ದಂಗೇ ಆಗ್ಲಿ" ಅಂದ. ನಾನು ಈರುಳ್ಳಿ ಲೋಡಿಗೆ ಹೊರಟೆ.

ಕಾರು ಸಿದ್ಧವಾದ ಮೇಲೆ ಮೊದಲ ದೂರದ ಪ್ರಯಾಣಕ್ಕೆ ಅವ್ವನನ್ನೇ ಕೂರಿಸಿಕೊಂಡೆವು. ಮೊಳಕಾಲ್ಮೂರಿನ ಚಿಕ್ಕಮ್ಮನ ಮನೆಗೆ. ಓಡಿಸುತ್ತಿದ್ದವನು ತಮ್ಮ. ಕೊಂಡ್ಲಹಳ್ಳಿ ಇನ್ನೂ ಮುಂದಿರುವಾಗಲೇ, ಒಂದು ಏರಿನಲ್ಲಿ ಎಂಜಿನ್ನು ಕಟಕಟ ಅನ್ನತೊಡಗಿತು.

"ಕಾಲು ತೆಗಿಯೋ!" ಅಂದೆ. ಅವನು ಇನ್ನಷ್ಟು ಒತ್ತಿದ. ಸ್ವಲ್ಪ ಹೊತ್ತಿಗೆ ಬಾನೆಟ್ಟಿನ ಸಂದಿಯಿಂದ ಹಬೆ ಬುಸ್ಸೆಂದು ಎದ್ದಿತು.

ಮರವಿಲ್ಲದ ಕಡೆ ನಿಂತೆವು. ಅವ್ವ ಸೆರಗು ತಲೆಗೆ ಹಾಕಿಕೊಂಡು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಳು. ಕುರಿ ಹೊಡೆದುಕೊಂಡು ಬಂದ ಮುದುಕನೊಬ್ಬ, "ನೀಳ್ಳು ತಾಗಮ್ಮಾ" ಎಂದು ತೆಲುಗಿನಲ್ಲೇ ಹೇಳಿ ಅವ್ವನಿಗೆ ಕುಡಿಯಲು ತನ್ನ ಬಾಟಲಿಯ ನೀರು ಕೊಟ್ಟ. ಗಟ್ಟಿ ಹೆಡ್ಡು ಇಷ್ಟು ಬೇಗ ಹೀಗೇಕೆ ಮಾಡಿತೆಂದು ಕೇಳಲು ನಾನು ಮೇಸ್ತ್ರಿಗೆ ಫೋನ್ ಹಚ್ಚಿದೆ.

"ಗಟ್ಟೀದೆಲ್ಲಿ ಹಾಕಿದೀನಮ್ಮ? ಅಕ್ಕ ಮನಸು ಬದಲಾಯಿಸವ್ಳೆ, ದೊಡ್ಡ ವಾಲ್ವಿಂದೇ ಹಾಕ್ರಿ ಅಂತ ನಿಮ್ ತಮ್ಮನೇ ಬಂದು ಹೇಳಿದ್ನಲ್ಲ!"

ಫೋನ್ ಇಟ್ಟು ತಿರುಗಿದೆ. ತಮ್ಮ ಟೈರು ನೋಡುತ್ತಾ ನಿಂತಿದ್ದ.

"ನನ್ನ ಹೆಸ್ರಲ್ಲಿ ಸುಳ್ಳು ಹೇಳ್ದೇನೋ?"

"ಕೇಳಿದ್ರೆ ನೀನು ಒಪ್ತಿರ್ಲಿಲ್ಲ ಅಕ್ಕ."

"ಒಪ್ಪಲ್ಲ ಅಂತ ಗೊತ್ತಿದ್ದೇ ಮಾಡ್ದಲ್ಲೋ! ಅವ್ವನ್ನ ಬೇರೆ ಕೂರ್ಸ್ಕೊಂಡು ಬಂದಿದೀಯ!"

ಇನ್ನೂ ಏನೇನು ಬೈದೆನೋ. ಕುರಿಯವನು ಕುರಿಗಳನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದ. "ತಮ್ಮ ಅಲ್ವೇನೇ, ಸಾಕು ಬಿಡು" ಅಂದಳು ಅವ್ವ. ಆ ಮಾತಿಗೆ ಇನ್ನೂ ರೇಗಿತು. ತಪ್ಪು ಮಾಡಿದವನಿಗೆ ಒಂದು ಮಾತಿಲ್ಲ, ಸುಮ್ಮನಿರಬೇಕಾದವಳು ನಾನು! ಅವನ ಕೈಯಿಂದ ಕೀ ಕಿತ್ತುಕೊಂಡು ಅವ್ವನನ್ನು ಬಸ್ಸು ಹತ್ತಿಸಿದೆ. ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಮೇಸ್ತ್ರಿಯ ಹತ್ತಿರ ಎಳೆಸಿದೆ. ತಮ್ಮ ಹೇಗೆ ಮನೆ ಸೇರಿದನೆಂದು ಕೇಳಲೂ ಇಲ್ಲ.

ಆ ತೆಳ್ಳನೆಯ ಹೆಡ್ಡು ಕಾದು ಸೊಟ್ಟಗಾಗಿತ್ತು. ನಾನು ಆರಿಸಿದ್ದನ್ನು ಅವನು ಗುಜರಿಗೆ ವಾಪಸು ಕೊಟ್ಟಿದ್ದ. ಅದು ಆಗಲೇ ಬೇರೆ ಯಾರದೋ ಪಾಲಾಗಿತ್ತು. ಬೇರೊಂದು ಗಟ್ಟಿ ಹೆಡ್ಡು ಸಿಗುವಷ್ಟರಲ್ಲಿ ಬೇಸಿಗೆ ಮುಗಿಯಿತು. ಅದನ್ನು ಕೂರಿಸಿದ ದಿನ ಲೋಡು ಬಿಟ್ಟು, ಕೊನೆಯ ನಟ್ಟು ಬಿಗಿಯುವವರೆಗೂ ಮೇಸ್ತ್ರಿಯ ಪಕ್ಕದಲ್ಲೇ ನಿಂತಿದ್ದೆ.

ಈಗ ಕಾರು ಬಿಸಿಲಿಗೂ ಅಂಜದೆ ಓಡುತ್ತದೆ. ಒಂದು ಕಬ್ಬಿಣದ ತುಂಡಿಗೆ ಇಷ್ಟು ಸಿಟ್ಟೇ ಎಂದು ನೆಂಟರು ಕೇಳುತ್ತಾರೆ. ಕಬ್ಬಿಣಕ್ಕಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ. ಮೊನ್ನೆ ತಮ್ಮ ಮನೆಗೆ ಬಂದ. ಊಟಕ್ಕೆ ಬಡಿಸಿದೆ, ಮಾತೂ ಆಡಿದೆ. ಎದ್ದು ಹೋಗುವಾಗ, "ಕಾರಲ್ಲಿ ಒಂದ್ ರೌಂಡ್ ಹೋಗಿ ಬರ್ಲಾ ಅಕ್ಕ?" ಅಂದ.

"ಬೇಡ" ಅಂದೆ.