ಪಾಸ್ಟರ್ ಗಂಟಲಿಗೆ ಎರಡು ವಾರ ರಜೆ

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಚಾಮರಾಜಪೇಟೆಯ ಒಂದು ಚರ್ಚಿನ ಹಿಂದಿನ ಮನೆಯಲ್ಲಿದ್ದೆವು. ನನ್ನ ಗಂಡ ಅಲ್ಲಿ ಪಾಸ್ಟರ್. ಡಿಸೆಂಬರ್ ಬಂತೆಂದರೆ ಅವರು ನನ್ನ ಗಂಡನಲ್ಲ, ಊರಿಗೆಲ್ಲ ಬಾಡಿಗೆಗೆ ಕೊಟ್ಟ ಮೈಕ್‌ಸೆಟ್ಟು. ಆ ಚಳಿಯಲ್ಲಿ ಮನೆಮನೆಗೆ ಹೋಗಿ ಕ್ಯಾರಲ್ಸ್ ಹಾಡುವುದು, ದಿನಕ್ಕೆರಡು ಆರಾಧನೆ, ಹೋದಲ್ಲೆಲ್ಲ ಕೇಕು, ಕಜ್ಜಾಯ, ಕಾಫಿ. ಹೊಸ ವರ್ಷದ ಆರಾಧನೆ ಮುಗಿಸಿ ಮನೆಗೆ ಬಂದಾಗ ಒಂದು ಲೋಟ ನೀರು ಕೇಳಲೂ ಅವರಿಗೆ ದನಿಯಿರಲಿಲ್ಲ.

ಬಸವನಗುಡಿಯ ಗಂಟಲು ಡಾಕ್ಟರು ಟಾರ್ಚು ಬಿಟ್ಟು ನೋಡಿ, ನನ್ನ ಕಡೆ ತಿರುಗಿ ಹೇಳಿದರು: "ಎರಡು ವಾರ ಒಂದ್ ಮಾತೂ ಆಡೋ ಹಾಗಿಲ್ಲಮ್ಮ. ಪಿಸುಗುಟ್ಟೋದೂ ಬೇಡ. ಹಟ ಮಾಡಿದ್ರೆ ಗಂಟಲು ಹೀಗೇ ಉಳ್ಕೊಂಡ್ಬಿಡತ್ತೆ." ದನಿಯಿಲ್ಲದ ಪಾಸ್ಟರನ್ನು ಯಾವ ಚರ್ಚಿನ ಸಭೆ ಇಟ್ಟುಕೊಳ್ಳುತ್ತದೆ? ನನಗೆ ನಿಜಕ್ಕೂ ಹೆದರಿಕೆಯಾಯಿತು.

ಭಾನುವಾರದ ಆರಾಧನೆಯಲ್ಲಿ ಪ್ರಸಂಗ ಮಾಡಲೇನೋ ಬೇರೆಯವರು ಸಿಕ್ಕರು. ಮನೆಗೆ ಬರುವವರನ್ನು ತಡೆಯುವವರು ಯಾರು? ಸುದ್ದಿ ಹಬ್ಬಿದ್ದೇ ತಡ, ಸಭೆಗೆ ಸಭೆಯೇ ನೋಡಲು ಬಂತು. ಒಬ್ಬರು ಜ್ಯೇಷ್ಠಮಧು ತಂದರು, ಇನ್ನೊಬ್ಬರು ಚೀಲದ ತುಂಬ ಅವರೆಕಾಯಿ ತಂದರು. ಗಂಟಲಿಗೂ ಅವರೆಕಾಯಿಗೂ ಏನು ಸಂಬಂಧವೋ ದೇವರೇ ಬಲ್ಲ. ಪಕ್ಕದ ಮನೆಯ ನಿವೃತ್ತ ಟೀಚರಮ್ಮ ಕಾಂಪೌಂಡಿನ ಮೇಲಿಂದಲೇ ಮೆಣಸಿನ ಸಾರು ದಾಟಿಸುತ್ತಿದ್ದರು. ಒಳಗೆ ಬಾರದೆ ಉಪಕಾರ ಮಾಡಿದವರು ಅವರೊಬ್ಬರೇ.

ನಮ್ಮ ಸಭೆಯಲ್ಲೊಂದು ವಾಡಿಕೆ. ಪಾಸ್ಟರ್ ಮನೆಗೆ ಬಂದವರು ಪ್ರಾರ್ಥನೆ ಮಾಡಿಸಿಕೊಳ್ಳದೆ ಹೊರಡುವುದಿಲ್ಲ. "ಮಾತಾಡ್ಬೇಡಿ, ಮಾತಾಡ್ಬೇಡಿ, ರೆಸ್ಟ್ ತಗೊಳ್ಳಿ" ಎಂದು ಅರ್ಧ ಗಂಟೆ ಉಪದೇಶ ಮಾಡಿ, ಚಪ್ಪಲಿ ಮೆಟ್ಟುವ ಮೊದಲು ತಲೆ ಬಗ್ಗಿಸಿ ನಿಂತುಬಿಡುವರು: "ಒಂದು ಸಣ್ಣ ಪ್ರಾರ್ಥನೆ ಪಾಸ್ಟ್ರೇ." ಇವರೋ, ಇಲ್ಲ ಎನ್ನಲು ಬಾರದ ಮನುಷ್ಯ. ಗೊರಗೊರ ಎನ್ನುತ್ತಲೇ ಅವರ ಮಗನ ಕೆಲಸಕ್ಕೂ ಮಗಳ ಮದುವೆಗೂ ಪ್ರಾರ್ಥಿಸುವರು. ನಾನು ಅಡುಗೆಮನೆಯಲ್ಲಿ ಹಲ್ಲು ಕಡಿಯುತ್ತಿದ್ದೆ.

ಸಂಕ್ರಾಂತಿಯ ಹೊತ್ತಿಗೆ ಗಂಟಲು ಇನ್ನಷ್ಟು ಕೆಟ್ಟಿತು. ಒಂದು ಮಧ್ಯಾಹ್ನ ಸಭೆಯ ಅತಿ ಹಿರಿಯ ಅಜ್ಜಿಯೊಬ್ಬರು ಶ್ರೀರಾಂಪುರದಿಂದ ಬಸ್ಸು ಹಿಡಿದು ಬಂದರು. ಕಾಫಿ ಕುಡಿದು, ಸೆರಗು ತಲೆಗೆ ಹೊದ್ದು, ಇವರ ಕುರ್ಚಿಯ ಮುಂದೆ ನಿಂತರು. ಇವರು ಬಾಯಿ ತೆರೆದರು. ನನ್ನ ತಾಳ್ಮೆಯ ಕಟ್ಟೆ ಒಡೆಯಿತು.

"ಅಜ್ಜಿ, ಇವತ್ತು ನೀವೇ ಮಾಡಿ ಪ್ರಾರ್ಥನೆ. ಇವರಿಗೋಸ್ಕರ ಮಾಡಿ. ನಿಮಗೂ ದೇವರು ಬಾಯಿ ಕೊಟ್ಟಿದಾನಲ್ವಾ?"

ಅಜ್ಜಿ ಕಕ್ಕಾಬಿಕ್ಕಿಯಾದರು. "ಪಾಸ್ಟ್ರಿಗೆ ನಾನಾ? ನಂಗೆಲ್ಲಿ ಬರತ್ತಮ್ಮ ಅದೆಲ್ಲ?"

ಇವರು ನನ್ನತ್ತ ಕಣ್ಣು ಬಿಟ್ಟರು. ನಾನೂ ಬಿಟ್ಟೆ. ಕೊನೆಗೆ ಅಜ್ಜಿ ಕೈಯನ್ನು ಇವರ ತಲೆಯ ಮೇಲಿಟ್ಟರು.

"ಅಪ್ಪಾ ಸ್ವಾಮಿ, ಈ ಮಗು ತುಂಬಾ ಸುಸ್ತಾಗಿದೆ. ನಾವಂತೂ ಬಿಡಲ್ಲ ಇದನ್ನ. ನೀನಾದ್ರೂ ಸ್ವಲ್ಪ ಮಲಗಕ್ಕೆ ಬಿಡು. ಆಮೆನ್."

ಐವತ್ತು ದಾಟಿದ ಮಗು! ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಇಷ್ಟು ವರ್ಷ ಇವರು ಎಷ್ಟೋ ತಲೆಗಳ ಮೇಲೆ ಕೈಯಿಟ್ಟಿದ್ದರು. ಇವರ ತಲೆಯ ಮೇಲೆ ಸಭೆಯವರೊಬ್ಬರು ಕೈಯಿಟ್ಟದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಆಮೆನ್ ಆದ ಮೇಲೂ ಇವರು ತಲೆ ಎತ್ತಲಿಲ್ಲ. ಬಗ್ಗಿ ನೋಡಿದರೆ, ಕೂತಲ್ಲೇ ನಿದ್ದೆ ಹೋಗಿದ್ದರು.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ನಾನು ಹೋಗುವ ಮೊದಲೇ ಅಜ್ಜಿ ವರಾಂಡಕ್ಕೆ ನಡೆದು, ಹಿಂದಿನಿಂದ ಬಾಗಿಲು ಎಳೆದುಕೊಂಡು, ಬಂದವರನ್ನು ಮೆಟ್ಟಿಲಲ್ಲೇ ನಿಲ್ಲಿಸಿದರು. "ಪಾಸ್ಟ್ರು ಮಲಗಿದಾರೆ. ಏನು ಪ್ರಾರ್ಥನೆ ಇದ್ರೂ ನಂಗೆ ಹೇಳಿ, ಮಾಡ್ತೀನಿ."